ಅಜ್ಜಿಗೋಳು ಕೆರೆಗೆ ಹವಾ ಕೊಟ್ಟದ್ದು

ಶಿಕಾರಿಪುರ ಬಿಡುವ ಮೊದಲು

ಕೆರೆಗಳನ್ನು ನಾನು ಹೆಚ್ಚಾಗಿ ಕಂಡದ್ದು ಕಾಗದದ ಮೇಲೆ. ಜಮೀನಿನ ದಾಖಲೆ ಇಡುವ ಕಚೇರಿಯ ಹಿಂದಿನ ಕೋಣೆಯಲ್ಲಿ ದೂಳು ಕುಡಿಯುತ್ತ ಅರ್ಧ ಆಯುಷ್ಯ ಪಹಣಿ ಬರೆದವಳು ನಾನು. ಪಹಣಿಯಲ್ಲಿ ಕೆರೆಗೆ ಇರುವ ಹೆಸರು ಖರಾಬು. ಬೆಳೆ ಬಾರದ ಜಾಗವೆಲ್ಲ ಅಲ್ಲಿ ಖರಾಬೇ. ಬೋಳುಗುಡ್ಡವಾದರೂ ಅಷ್ಟೆ, ನಾಲ್ಕು ಊರಿಗೆ ನೀರು ಕೊಡುವ ಕೆರೆಯಾದರೂ ಅಷ್ಟೆ. ಕಟ್ಟಕಡೆಗೆ ಒಂದು ಕಾಲಂ ಇರುತ್ತದೆ, ಷರಾ ಅಂತ. ಬೇರೆ ಯಾವ ಕಾಲಮ್ಮಿನಲ್ಲೂ ಹಿಡಿಸದ ನಿಜವನ್ನು ಅಲ್ಲಿ ಬರೆಯಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಗುಮಾಸ್ತರು ಹೇಳಿದ್ದರು: “ತಪ್ಪು ಬಿದ್ರ ಅಡ್ಡಗೆರಿ ಎಳೀರಿ, ಪಕ್ಕದಾಗ ಸಹಿ ಹಾಕ್ರಿ. ಬ್ಲೇಡ್ ತಗೊಂಡು ಮಾತ್ರ ಕೆರೀಬ್ಯಾಡ್ರಿ ಶಾರದಮ್ಮ. ಕೆರದಿದ್ದು ಬೆಳಕಿಗೆ ಹಿಡದ್ರ ಕಾಣ್ತೈತಿ.” ನಾನು ಕೆರೆದವಳಲ್ಲ. ನಿವೃತ್ತಿಯಾದ ಮೇಲೂ ಆ ಒಂದು ಜಂಬ ನನಗೆ ಉಳಿದಿತ್ತು.

ನನ್ನ ತವರು ಸೊರಬ ತಾಲ್ಲೂಕಿನ ಹೊಸಬಾಳೆ. ತಂಗಿ ಗಿರಿಜೆಯನ್ನು ಅದೇ ಊರಿಗೆ ಕೊಟ್ಟಿದೆ. ಅವಳ ಮಗಳು ವೀಣಾ ತುರ್ಕಿ ದೇಶದಲ್ಲಿ ಕೆರೆಯ ಕೆಸರಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಹೋದ ವರ್ಷ ಮಳೆ ಹಿಂದೆ ಸರಿದ ಹೊತ್ತಿನಲ್ಲಿ ಅವಳ ಫೋನು ಬಂತು. ಅವಳ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಕಾಲು ಮುರಿದುಕೊಂಡಿದ್ದಳಂತೆ.

“ದೊಡ್ಡಮ್ಮ, ನಿನ್ನ ಅಕ್ಷರ ಚೆನ್ನಾಗೈತೆ. ಬಂದು ಚೀಟಿ ಬರ್ಕೊಡ್ತೀಯ? ಒಂಬತ್ತು ಪೈಪು ಕೆಸರು ತೆಗಿಯಾದು, ಅಷ್ಟೆ.”

“ಕೆಸರಿಗೆ ಅಲ್ಲೀತನ ಬರ್ಬೇಕೇನೆ? ನಿಮ್ಮನಿ ಹಿಂದ್ಲ ಕೆರಿಯಾಗ ಇಲ್ಲೇನು?”

“ಆ ಕೆಸರು ಬೇರೆ, ಈ ಕೆಸರು ಬೇರೆ. ಇದ್ರಲ್ಲಿ ಕಣ್ಣಿಗೆ ಕಾಣ್ದಿರೋ ಜೀವ ಅದಾವೆ. ಅವು ಕಲ್ಲು ಮಾಡ್ತವೆ ಅಂತ ತೋರಿಸ್ಬೇಕು. ಜೀವಂತ ಕೆಸರು ಸಿಕ್ಕಿದ್ರೆ ನನ್ನ ಪ್ರಬಂಧದ ಕೊನೇ ಅಧ್ಯಾಯ ಆಗತ್ತೆ. ಈ ಸಲ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಇಲ್ಲ. ಬರೋ ವರ್ಷಕ್ಕೆ ನನ್ನ ಅವಧಿ ಮುಗೀತು.”

ಹೆತ್ತ ತಾಯಿ ಹೋಗಬೇಕಿತ್ತು. ಗಿರಿಜೆಗೆ ಶಿರಾಳಕೊಪ್ಪದ ಬಸ್ಸು ಹತ್ತಿದರೇ ವಾಂತಿ. ಹಾಗಾಗಿ ನಾನು ಹೊರಟೆ. ತೊಗರ್ಸಿಗೆ ಹೋಗಿ ಮಲ್ಲಿಕಾರ್ಜುನನಿಗೆ ಕೈಮುಗಿದು, ಒಂದು ವಿಭೂತಿ ಗಟ್ಟಿಯನ್ನು ಪೆಟ್ಟಿಗೆಯ ಸೀರೆಗಳ ನಡುವೆ ಇಟ್ಟುಕೊಂಡು ಬಂದೆ.

ಇಸ್ತಾಂಬುಲ್, ಮತ್ತೆ ಬಸ್ಸು

ವಿಮಾನ ನಿಲ್ದಾಣದ ಅಧಿಕಾರಿ ನನ್ನ ವಿಭೂತಿ ಗಟ್ಟಿಯನ್ನು ಮೂಸಿದ, ಉಗುರಿನಿಂದ ಗೀಚಿದ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ನಾನು ಸ್ವಲ್ಪ ತೀಡಿ ಹಣೆಗೆ ಮೂರು ಬೆರಳು ಎಳೆದು ತೋರಿಸಿದೆ. ಇಬ್ಬರೂ ನನ್ನ ಹಣೆ ನೋಡಿ, ಗಟ್ಟಿ ನೋಡಿ, ತಲೆಯಾಡಿಸಿ ಬಿಟ್ಟರು. ಇಷ್ಟು ಗಮನ ಕೊಟ್ಟು ನನ್ನ ಹಣೆಯನ್ನು ಶಿಕಾರಿಪುರದಲ್ಲಿ ಯಾರೂ ನೋಡಿಲ್ಲ.

ಹೊರಗೆ ಕಾಯುತ್ತಿದ್ದ ವೀಣಾ ನನ್ನನ್ನು ದೂರದ ಬಸ್ಸೊಂದಕ್ಕೆ ಹತ್ತಿಸಿದಳು. ಅಲ್ಲಿ ಬಸ್ಸಿನಲ್ಲಿ ಚಹಾ ಕೊಡುತ್ತಾರೆ. ಅದಕ್ಕಿಂತ ಮೊದಲು ಮೀಸೆಯ ಕಂಡಕ್ಟರ್ ಒಂದು ಶೀಸೆ ಹಿಡಿದು ಸಾಲಾಗಿ ಬಂದ. ಎಲ್ಲರೂ ಅಂಗೈ ಚಾಚಿದರು. ನಾನೂ ಚಾಚಿದೆ. ನಿಂಬೆಯ ಪರಿಮಳ. ಅಂಗೈ ಗುಳಿಯಲ್ಲಿ ನಾಲ್ಕು ಹನಿ ಬಿದ್ದ ಮೇಲೆ ಮನುಷ್ಯರು ಏನು ಮಾಡಬೇಕೋ ಅದನ್ನೇ ಮಾಡಿದೆ: ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ನೆತ್ತಿಗೆ ಸವರಿಕೊಂಡೆ. ನಾಲಿಗೆ ಉರಿದು ಕಣ್ಣಲ್ಲಿ ನೀರು ಬಂತು. ಅದು ಕೈ ಒರೆಸಿಕೊಳ್ಳುವ ಅತ್ತರಿನ ನೀರು, ಬಹುಪಾಲು ಮದ್ಯಸಾರ. ಜನ್ಮದಲ್ಲಿ ಮದ್ಯ ಮುಟ್ಟದವಳು ತೀರ್ಥವೆಂದು ನೆಕ್ಕಿದ್ದೆ. ವೀಣಾ ಮುಂದಿನ ಸೀಟಿಗೆ ತಲೆ ಆನಿಸಿ ಅಲುಗಾಡುತ್ತ ನಕ್ಕಳು. “ಅಮ್ಮಂಗೆ ಹೇಳಲ್ಲ ಬಿಡು” ಎಂದಳು. ಸಂಜೆಯೊಳಗೆ ಹೇಳಿದ್ದಳು.

ದಾರಿಯುದ್ದಕ್ಕೂ ನಾನು ಅಂಗಡಿಗಳ ಬೋರ್ಡು ಓದಿಸಿಕೊಂಡೆ. ಅವರ ಅಂಗಡಿ ದುಕ್ಕಾನ್, ನಮ್ಮ ದುಕಾನು. ಸೋಪು ಸಾಬುನ್. ತಾಜಾ ಎನ್ನುವುದಕ್ಕೆ ತಾಜೆ. ಪಾಲಿಗೆ ಹಿಸ್ಸೆ. ವೀಣಾಳ ಕೈಯಲ್ಲಿದ್ದ ನೋಟ್‌ಬುಕ್ಕು ದೆಫ್ತೆರ್, ಎಂದರೆ ನಮ್ಮ ದಫ್ತರ. ಗಾಳಿಗೆ ಹವಾ. ಬರೆದುಕೊಳ್ಳುತ್ತ ಅರ್ಧ ಪುಟ ತುಂಬಿತು. ಇಂಗ್ಲಿಷು ಬಾರದ ನನಗೆ ತುರ್ಕಿ ಭಾಷೆ ಹೊಟ್ಟೆಯಲ್ಲೇ ಇದೆ ಎನ್ನುವ ಧೈರ್ಯ ಬಂತು. ಅಲ್ಪ ವಿದ್ಯಾ ಮಹಾಗರ್ವಿ ಎನ್ನುವುದನ್ನು ಆಗ ನೆನೆಯಬೇಕಿತ್ತು, ನೆನೆಯಲಿಲ್ಲ.

ಕೆರೆಯ ಹೆಸರನ್ನು ವೀಣಾ ಎರಡು ಸಲ ಹೇಳಿದಳು. ನನಗೆ ಎರಡು ಸಲವೂ ಅಜ್ಜಿಗೋಳು ಎಂದೇ ಕೇಳಿಸಿತು.

“ಆಜಿಗೋಲ್, ದೊಡ್ಡಮ್ಮ. ಗೋಲ್ ಅಂದ್ರೆ ಕೆರೆ. ಆಜಿ ಅಂದ್ರೆ ಕಹಿ. ಸಂಕಟಕ್ಕೂ ಅದೇ ಮಾತು.”

“ಮತ್ತ ಗೋಳೇ ಆತಲ್ಲ” ಎಂದೆ. ಆಮೇಲೆ ಅವಳೂ ಅಜ್ಜಿಗೋಳು ಎಂದೇ ಕರೆಯತೊಡಗಿದಳು.

ಕೆರೆಯ ದಂಡೆ

ಕೆರೆ ಎಂದರೆ ನನಗೆ ಏರಿ ಬೇಕು, ತೂಬು ಬೇಕು, ಏರಿಯ ಮೇಲೊಂದು ಗುಡಿ ಇದ್ದರೆ ಒಳ್ಳೆಯದು. ಇದಕ್ಕೆ ಏನೂ ಇಲ್ಲ. ಒಂದು ಬದಿಗೆ ಮರವಿಲ್ಲದ ಬೆಟ್ಟ, ಇನ್ನೊಂದು ಬದಿಗೆ ಉಪ್ಪು ತೆಗೆಯುವ ಮಡಿಗಳು, ನಡುವೆ ಬಯಲು. ಬೇಸಿಗೆ ಮುಗಿದ ಹೊತ್ತಾದ್ದರಿಂದ ನೀರು ಎಲ್ಲೋ ಹಿಂದಕ್ಕೆ ಹೋಗಿ ನೆಲದ ಮೇಲೆ ಬಿಳಿ ಹೆಪ್ಪು ಕಟ್ಟಿತ್ತು, ನನ್ನ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಹರಡಿದ ಹಾಗೆ. ನೀರು ಶುರುವಾಗುವಲ್ಲಿ ಒಂದು ನಸುಗೆಂಪು ಗೆರೆ. ಅದು ರಾಜಹಂಸಗಳ ಸಾಲು. ನಮ್ಮ ಗುಡವಿಯ ಪಕ್ಷಿಧಾಮದಲ್ಲಿ ಹಕ್ಕಿಗಳು ಮರ ತುಂಬ ಕೂತು ಸಂತೆಯ ಹಾಗೆ ಗಲಾಟೆ ಮಾಡುತ್ತವೆ, ನಾವು ಕಟ್ಟೆಯ ಮೇಲೆ ನಿಂತು ನೋಡುತ್ತೇವೆ. ಇವು ನೆಲದ ಮೇಲೇ ನಿಂತಿದ್ದವು. ನಾವು ಹತ್ತು ಹೆಜ್ಜೆ ಮುಂದೆ ಹೋದರೆ ಅವೂ ಅಷ್ಟೇ ಹಿಂದೆ ಹೋಗುತ್ತಿದ್ದವು.

ನಮ್ಮನ್ನು ಕರೆದುಕೊಂಡು ಹೋದವನು ದಂಡೆಯ ಹಳ್ಳಿಯ ರೈತ ಹಸನ್. ಅವನ ಹಳೆಯ ಜೀಪು, ಎರಡು ಹಲಗೆ ಮತ್ತು ಒಂದು ಮರದ ಸುತ್ತಿಗೆ ವೀಣಾಳ ಕೆಲಸಕ್ಕೆ ಎರಡು ವರ್ಷದಿಂದ ದುಡಿದಿವೆ. ಅವನ ಹೆಂಡತಿ ಫಾತ್ಮಾ. ಇಬ್ಬರೂ ನನ್ನನ್ನು ತೇಜೆ ಎಂದು ಕರೆದರು. ತಾಯಿಯ ಅಕ್ಕತಂಗಿಯರಿಗೆ ಆ ಮಾತು, ತಂದೆಯ ಕಡೆಯವರಿಗೆ ಬೇರೆ ಮಾತು ಎಂದು ಕೇಳಿ ನನಗೆ ಸಮಾಧಾನವಾಯಿತು. ದೊಡ್ಡಮ್ಮನಿಗೂ ಅತ್ತೆಗೂ ಒಂದೇ ಹೆಸರಿಡುವ ಜನರ ಮನೆಯಲ್ಲಿ ಊಟ ಮಾಡುವುದು ಕಷ್ಟ.

ಊಟದ ವಿಷಯಕ್ಕೆ ಬಂದರೆ, ಮೊದಲ ದಿನ ಫಾತ್ಮಾ ತಟ್ಟೆಯಲ್ಲಿ ಇಟ್ಟದ್ದು ಥೇಟು ಎಣ್ಣೆಗಾಯಿ. ಬದನೆಕಾಯಿ ಸೀಳಿ ಮಸಾಲೆ ತುಂಬಿತ್ತು. ನಾನು ಜೊಲ್ಲು ನುಂಗಿಕೊಂಡು ಕೈ ಹಾಕುವಾಗ ವೀಣಾ ತಟ್ಟೆಯನ್ನೇ ಎಳೆದುಕೊಂಡಳು. ಒಳಗಿನದು ಕೊಚ್ಚಿದ ಮಾಂಸ. ಫಾತ್ಮಾ ಎದೆಗೆ ಕೈಯಿಟ್ಟುಕೊಂಡು ನೊಂದುಕೊಂಡಳು. ಮರುದಿನ ಈರುಳ್ಳಿ, ಟೊಮ್ಯಾಟೊ ತುಂಬಿ ಮಾಡಿದಳು. ನನಗಾಗಿ ಒಲೆಯ ಮುಂದೆ ಎರಡು ಸಲ ನಿಂತವಳನ್ನು ನಾನು ಮರೆಯಲಾರೆ. ಅವರ ಮನೆಯಲ್ಲಿ ರೊಟ್ಟಿಯ ತುಂಡು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಹಣೆಗೊತ್ತಿಕೊಂಡು ಎತ್ತರದ ಜಾಗದಲ್ಲಿ ಇಡುತ್ತಾರೆ. ನಾವು ಪುಸ್ತಕ ಕಾಲಿಗೆ ತಾಗಿದರೆ ಮಾಡುವುದು ಅದೇ.

ಎರಡು ದಿನ ಕೆಸರು ತೆಗೆದೆವು. ಹಸನ್ ಹಲಗೆ ಹಾಸುತ್ತ ಮುಂದೆ, ವೀಣಾ ಅವನ ಹಿಂದೆ, ನಾನು ದಂಡೆಯಲ್ಲಿ ಮಣೆಯ ಮೇಲೆ. ನಮ್ಮಲ್ಲಿ ಕೊಳವೆಬಾವಿಗೆ ಇಳಿಸುವಂಥ ಬಿಳಿ ಪೈಪು, ಮೊಳದುದ್ದದ ತುಂಡುಗಳು. ಒಂದೊಂದನ್ನೇ ಕೆಸರಿಗೆ ಹೊಡೆದು ಇಳಿಸಿ, ಮೇಲೆ ಕೆಳಗೆ ರಬ್ಬರ್ ಮುಚ್ಚಳ ಬಡಿದು, ಟೇಪು ಸುತ್ತಿ ನನ್ನ ಮುಂದೆ ತಂದಿಡುತ್ತಿದ್ದರು. ನಾನು ಚೀಟಿ ಬರೆದು ಅಂಟಿಸುವುದು. ವೀಣಾ ಒಂದು ಕಡೆ ಸನಿಕೆಯಲ್ಲಿ ಅಗೆದು ತೋರಿಸಿದಳು. ಮೇಲೆ ಬಿಳಿ, ಅದರ ಕೆಳಗೆ ತೆಳ್ಳಗೆ ಹಸಿರು, ಅದರ ಕೆಳಗೆ ಕಾಡಿಗೆಯಂಥ ಕಪ್ಪು. ಕಪ್ಪಿಗೆ ಸನಿಕೆ ತಾಗುತ್ತಲೇ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಬೇಸಿಗೆಯಲ್ಲಿ ಹೊಸಬಾಳೆ ಕೆರೆಯಿಂದ ಎಮ್ಮೆಗಳು ಏಳುವಾಗ ಬರುವ ವಾಸನೆಯೇ, ನೂರು ಪಾಲು ಹೆಚ್ಚು. ನಾನು ಸೆರಗು ಮುಚ್ಚಿಕೊಂಡೆ. ವೀಣಾ ಮೂಗೆಳೆದು, “ನಮ್ಮ ಮಂದಿ ಸುಖವಾಗವ್ರೆ” ಎಂದಳು.

ನನ್ನ ಕಣ್ಣಿಗೆ ಅದು ಗೋಡು. ಕೆರೆಯ ಹೂಳನ್ನು ನಾವು ಗೋಡು ಎನ್ನುತ್ತೇವೆ, ಗದ್ದೆಗೆ ಹೊಡೆಸುತ್ತೇವೆ.

ಎರಡನೆಯ ದಿನ ಸಂಜೆ, ಊರಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ವೀಣಾ ಹೇಳಿದಾಗ ಹಸನ್ ಒಳಗೆ ಹೋಗಿ ತನ್ನ ಹೊಲದ ಪತ್ರ ತಂದು ನನ್ನ ಮುಂದಿಟ್ಟ. ನನಗೆ ಅವರ ಅಕ್ಷರ ಬಾರದು, ಆದರೆ ಗೆರೆಗಳನ್ನು ನೋಡಿದರೆ ಯಾವುದು ಸರ್ವೆ ನಂಬರು, ಯಾವುದು ವಿಸ್ತೀರ್ಣ ಎಂದು ಬೆರಳಿಟ್ಟು ಹೇಳಬಹುದಾಗಿತ್ತು. ಒಂದು ಕಡೆ ವೀಣಾ ಓದಿದಳು: ಷೆರ್ಹ್. ಟಿಪ್ಪಣಿಯ ಜಾಗ. ನನಗೆ ಹಳೆಯ ಸಹೋದ್ಯೋಗಿ ಎದುರು ಸಿಕ್ಕಷ್ಟು ಖುಷಿಯಾಯಿತು. ವೀಣಾಳ ದೆಫ್ತೆರಿನಲ್ಲಿ ನಂಬರು, ಜಾಗ, ಆಳ, ಹೊತ್ತು ಎಂದು ನಾಲ್ಕು ಕಾಲಂ ಇದ್ದವು. ನಾನು ಅಡಿಪಟ್ಟಿ ಇಟ್ಟು ಐದನೆಯ ಗೆರೆ ಎಳೆದು, ತಲೆಗೆ ಷರಾ ಎಂದು ಬರೆದೆ.

“ಅದರಲ್ಲಿ ಬರಿಯಾಕೆ ಏನೂ ಇಲ್ವಲ್ಲ ದೊಡ್ಡಮ್ಮ” ಎಂದಳು.

“ಇರ್ಲಿ. ಖಾಲಿ ಇದ್ರೂ ಕಾಲಂ ಇರ್ಬೇಕು.”

ಮೂರನೆಯ ದಿನ

ಒಂಬತ್ತು ಪೈಪುಗಳೂ ಹಸನ್ ಮನೆಯ ಅಂಗಳದ ನೆರಳಿನಲ್ಲಿ ಒದ್ದೆ ಗೋಣಿ ಹೊದ್ದು ಪೆಟ್ಟಿಗೆಯಲ್ಲಿ ನಿಂತಿದ್ದವು. ಕೆರೆಗೆ ಇಳಿಯಲು ಕೊಟ್ಟಿದ್ದ ಪರವಾನಗಿ ಅಂದಿಗೆ ಮುಗಿಯುತ್ತಿತ್ತು. ಅದನ್ನು ಒಪ್ಪಿಸಲು ವೀಣಾ ಪೇಟೆಗೆ ಹೋದಳು. ಹಸನ್‌ಗೆ ಜೀಪಿನ ಚಕ್ರ ಸರಿಮಾಡಿಸಬೇಕಿತ್ತು. ಫಾತ್ಮಾ ದ್ರಾಕ್ಷಿ ಕೀಳಲು ಹೊಲಕ್ಕೆ ಹೋಗಿದ್ದಳು. ಹೊರಡುವಾಗ ಹಸನ್ ಪೆಟ್ಟಿಗೆಯ ಕಡೆ ಕೈ ತೋರಿಸಿ ನನಗೆ ಹೇಳಿದ:

“ತೇಜೆ, ಹವಾ ಅಲ್ಮಾಸಿನ್.”

ಹೇಳಿ, ಗದ್ದ ಮೇಲೆತ್ತಿ, ಹುಬ್ಬು ಹಾರಿಸಿ, ನಾಲಿಗೆಯಿಂದ ಚಿಕ್ ಎನ್ನಿಸಿದ. ನಮ್ಮಲ್ಲಿ ಹುಬ್ಬು ಹಾರಿಸಿದರೆ, ನಡಿ, ಮುಂದುವರಿಸು ಎಂದು. ಹವಾ ಎಂಬ ಮಾತು ನನಗೆ ಗೊತ್ತೇ ಇತ್ತು. ಹವಾ ಕೊಡಬೇಕಂತೆ. ಇದು ಮೊದಲೇ ನನ್ನ ಮನಸ್ಸಿನಲ್ಲಿತ್ತು. ನಮ್ಮಪ್ಪ ಗೋಡು ಹೊಡೆಸಿದರೆ ತಿಂಗಳುಗಟ್ಟಲೆ ಬಿಸಿಲಿಗೆ ಹರಡಿಸುತ್ತಿದ್ದರು. ಹೆಂಟೆ ಒಡೆಸಿ, ತಿರುವಿಸಿ, ವಾಸನೆ ಹೋಗುವ ತನಕ ಗದ್ದೆಗೆ ಸೇರಿಸುತ್ತಿರಲಿಲ್ಲ. “ಹವಾ ಕಾಣದ ಗೋಡು ಸಸಿ ಸುಡ್ತೈತೆ” ಎನ್ನುವುದು ಅವರ ಮಾತು. ಅದೂ ಅಲ್ಲದೆ ಒಳಗೆ ಜೀವ ಇದೆ ಎಂದು ವೀಣಾ ಹೇಳಿದ್ದಳು. ಜೀವ ಇದ್ದದ್ದನ್ನು ಟೇಪು ಸುತ್ತಿ ಮೂರು ದಿನ ಇಟ್ಟರೆ ಉಸಿರು ಕಟ್ಟುವುದಿಲ್ಲವೇ? ಮುಚ್ಚಳ ಜೀಪಿನಲ್ಲಿ ಚೆಲ್ಲದಿರಲಿ ಎಂದು ಹಾಕಿದ್ದು ಎಂದೇ ನಾನು ತಿಳಿದಿದ್ದೆ.

ಟೇಪು ಬಿಚ್ಚಿ ಮುಚ್ಚಳ ತೆಗೆದೆ. ಪೈಪುಗಳನ್ನು ಬಿಸಿಲಿಗೆ ತಂದು ನಿಲ್ಲಿಸಿದೆ. ದೂಳು ಬೀಳದ ಹಾಗೆ ನನ್ನ ಹಳೆಯ ಸೀರೆಯ ತುಂಡು ಹೊದಿಸಿದೆ. ಹವಾ ಅಡಿಯ ತನಕ ಆಡಲಿ ಎಂದು ಸೌಟಿನ ಹಿಡಿಯಿಂದ ಪ್ರತಿಯೊಂದನ್ನೂ ಚೆನ್ನಾಗಿ ಕೆದಕಿದೆ. ನಾಲ್ಕು ಮತ್ತು ಎಂಟನೆಯ ನಂಬರಿನ ಮುಚ್ಚಳಗಳು ಎಷ್ಟು ತಿರುಚಿದರೂ ಬರಲಿಲ್ಲ. ಬೆರಳ ಗಂಟು ನೋಯತೊಡಗಿತು, ಬಿಟ್ಟೆ. ಉಳಿದ ಏಳಕ್ಕೂ ಎರಡು ತಾಸು ಹವಾ ಕೊಟ್ಟೆ. ಕಾಡಿಗೆಯಂಥ ಕೆಸರು ಮೇಲಿನಿಂದ ಬೂದಿಗೆ ತಿರುಗಿತು, ವಾಸನೆ ತಗ್ಗಿತು. ಕೆಲಸ ಚೆನ್ನಾಗಿ ಆಗುತ್ತಿದೆ ಎಂದುಕೊಂಡೆ.

ಹಸನ್ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಕೈಯಲ್ಲಿದ್ದ ಬೀಗದ ಕೈ ಕೆಳಗೆ ಹಾಕಿ ಓಡಿ ಬಂದು ಮುಚ್ಚಳಗಳನ್ನು ಒಂದೊಂದಾಗಿ ಬಡಿಯತೊಡಗಿದ. ನಡುವೆ ಒಂದೇ ಒಂದು ಮಾತು ಆಡಿದ:

“ಹರಾಪ್.”

ಆ ಮಾತಿಗೆ ನನಗೆ ಅನುವಾದ ಬೇಕಿರಲಿಲ್ಲ. ಅರ್ಧ ಆಯುಷ್ಯ ಅದನ್ನೇ ಬರೆದವಳು. ಖರಾಬು.

ಹೊಸ ಟೇಪು ಸುತ್ತಿ, ಒದ್ದೆ ಗೋಣಿ ಹೊದಿಸಿ ಪೆಟ್ಟಿಗೆ ಮೊದಲಿದ್ದ ಹಾಗೇ ಆಯಿತು. ಪೈಪು ಬಿಳಿ, ಒಳಗಿನದು ಕಾಣುವುದಿಲ್ಲ. ಹಸನ್ ನನ್ನ ಮುಖ ನೋಡಿದ. ತನ್ನ ಎದೆಗೆ ಎರಡು ಸಲ ಬೆರಳು ಕುಟ್ಟಿಕೊಂಡ. ತೆರೆದದ್ದು ನಾನು ಎಂದು ಹೇಳುತ್ತೇನೆ, ನೀನು ಸುಮ್ಮನಿರು ಎಂದು. ಪೆಟ್ಟಿಗೆ ಕಾಯಲು ವೀಣಾ ಹೇಳಿದ್ದು ಅವನಿಗೆ. ತಪ್ಪು ತನ್ನದು ಎಂದು ಅವನು ಅಂದರೆ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಾನು ಬೇಡ ಎಂದು ತಲೆಯಾಡಿಸಿದೆ. ನನ್ನ ತಲೆಯಾಡಿಸುವಿಕೆ ಅವನಿಗೆ ಏನೆಂದು ಅರ್ಥವಾಯಿತೋ ಶಿವನೇ ಬಲ್ಲ.

ಸಂಜೆಯ ಊಟಕ್ಕೆ ವೀಣಾ ಬಂದಾಗ ಅವಳ ಮುಖ ಅರಳಿತ್ತು. ಪರವಾನಗಿ ಒಪ್ಪಿಸಿ ಆಗಿತ್ತು, ಒಂಬತ್ತಕ್ಕೆ ಒಂಬತ್ತು ಸಿಕ್ಕಿದ್ದವು. ಎರಡು ದಿನ ಕೆಲಸದ ಗಡಿಬಿಡಿಯಲ್ಲಿ ಹೇಳದಿದ್ದುದನ್ನೆಲ್ಲ ಆಗ ಹೇಳಿದಳು.

“ನಮಗೆ ಉಸಿರಾಡಾಕೆ ಹವಾ ಬೇಕಲ್ಲ ದೊಡ್ಡಮ್ಮ, ಇವಕ್ಕೆ ಬ್ಯಾಡ. ನೀರಲ್ಲಿ ಕರಗಿರೋ ಸಲ್ಫೇಟನ್ನೇ ಉಸಿರಾಡ್ತವೆ. ನಮ್ಮ ಮೈಲುತುತ್ತದಲ್ಲಿ ಇರತ್ತಲ್ಲ, ಅದೇ ಜಾತಿ. ಅವು ಬಿಡೋ ಉಸಿರೇ ಆ ಮೊಟ್ಟೆ ವಾಸನೆ. ಅದು ಕೆಸರಲ್ಲಿರೋ ಕಬ್ಬಿಣಕ್ಕೆ ಸೇರಿ ಕಪ್ಪಾಗತ್ತೆ.”

“ಕಲ್ಲು?” ಎಂದೆ.

“ಅವುಗಳ ಮೈಮೇಲೆ ಲೋಳೆ ಇರತ್ತೆ. ಅವು ಉಸಿರಾಡ್ತಾ ಹೋದಂಗೆ ಸುತ್ತಲ ನೀರಿನ ಗುಣ ಬದಲಾಗತ್ತೆ. ನೀರಲ್ಲಿರೋ ಸುಣ್ಣ, ಮೆಗ್ನೀಸಿಯಂ ಎರಡೂ ಆ ಲೋಳೆ ಮೇಲೆ ಹರಳಾಗಿ ಕೂತ್ಕೊಳತ್ತೆ. ಡಾಲಮೈಟು. ಲೋಕದಲ್ಲಿ ಬೆಟ್ಟಗಟ್ಟಲೆ ಐತೆ. ಆದ್ರೆ ಇವ್ರ ಸಹಾಯ ಇಲ್ದೆ ಬಾಟ್ಲೀಲಿ ಮಾಡಾಕೆ ಹೋಗು, ಸಾಮಾನ್ಯ ಶಾಖದಲ್ಲಿ ಆಗಾದೇ ಇಲ್ಲ. ನಾನು ಇವ್ರನ್ನ ಬಾಟ್ಲೀಲಿಟ್ಟು ಮಾಡ್ಸಿ ತೋರಿಸ್ತಿನಿ.”

“ಹವಾ ತಾಗಿದ್ರ?”

“ಮುಗೀತು. ಅದಕ್ಕೇ ಹಸನ್‌ಗೆ ಸಾವಿರ ಸಲ ಹೇಳಾದು, ಹವಾ ಅಲ್ಮಾಸಿನ್, ಹವಾ ತಗೊಳ್ಳೋದು ಬ್ಯಾಡ ಅಂತ.”

ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. ನಮ್ಮಲ್ಲಿ ಮಾತು ಮುಗಿಯುವಲ್ಲಿ ಬೇಡ ಎಂದು ಬಾಗಿಲು ಹಾಕುತ್ತೇವೆ, ಕಿವುಡನಿಗೂ ಗೊತ್ತಾಗುತ್ತದೆ. ಅವರ ಬೇಡ ಮಾತಿನ ನಡುವೆ ಒಂದು ‘ಮಾ’ ಆಗಿ ನುಸುಳಿ ಹೋಗುತ್ತದೆ. ಆ ಹುಬ್ಬು ಹಾರಿಸುವುದು, ಚಿಕ್ ಎನ್ನುವುದು, ಅವ್ಯಾವುವೂ ನಡಿ ಎಂದಲ್ಲ, ಬೇಡ ಎಂದು. ಒಂದು ದೇಶದ ಮೂರು ಬೇಡಗಳು ನನ್ನ ಕಣ್ಣೆದುರು ಬಂದು ಹೋಗಿದ್ದವು. ನನಗೆ ಕೇಳಿಸಿದ್ದು ಹವಾ ಒಂದೇ.

ಹಸನ್ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಡೆ ನೋಡಿ, ಅಂದೇ ಕಲಿತಂತೆ, ಗದ್ದ ಮೇಲೆತ್ತಿ ಹುಬ್ಬು ಹಾರಿಸಿದೆ. ಅವನು ಸುಮ್ಮನಾದ. ಆದರೆ ನಾನೂ ಸುಮ್ಮನಾದೆ. ವೀಣಾ ಹಾಡು ಗುನುಗುತ್ತ ತಟ್ಟೆ ತೊಳೆಯುತ್ತಿದ್ದಳು. ಹೇಳದಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸಿದ್ದು ನಿಜ. ಪೈಪು ತೆರೆದಾಗ ಕೆಸರು ಕಲಸಿರುವುದು ಕಾಣುತ್ತದೆ. ದಾರಿಯ ಕುಲುಕಾಟ ಎಂದುಕೊಳ್ಳುತ್ತಾಳೆ. ಬಾಟಲಿಯಲ್ಲಿ ಹರಳು ಕೂರುವುದಿಲ್ಲ. ತನ್ನ ವಿಚಾರವೇ ತಪ್ಪು ಎಂದು ತಿಳಿಯುತ್ತಾಳೆ. ನನ್ನನ್ನು ಯಾರೂ ಕೇಳುವುದಿಲ್ಲ.

ಹೊರಡುವ ಬೆಳಿಗ್ಗೆ

ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಎದ್ದು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ದೆಫ್ತೆರ್ ತೆರೆದು ಷರಾ ಕಾಲಮ್ಮಿನಲ್ಲಿ ಬರೆದೆ:

“ನಂಬರು 1, 2, 3, 5, 6, 7, 9: ಮೂರನೆಯ ದಿನ ಮಧ್ಯಾಹ್ನ ಎರಡು ತಾಸು ಮುಚ್ಚಳ ತೆಗೆದು ಬಿಸಿಲಿನಲ್ಲಿಟ್ಟು ಅಡಿಯವರೆಗೆ ಕೆದಕಲಾಗಿದೆ. ಕೆದಕಿದವರು ಶಾರದಮ್ಮ, ಶಿಕಾರಿಪುರ. ಹಸನ್ ಬೇಡ ಎಂದಿದ್ದರು, ಇವರಿಗೆ ತಿಳಿಯಲಿಲ್ಲ. 4 ಮತ್ತು 8 ತೆರೆದಿಲ್ಲ.”

ಕೆಳಗೆ ಸಹಿ ಹಾಕಿದೆ. ಎಷ್ಟೋ ಜನರ ಬದುಕಿನ ಷರಾ ಬರೆದ ಕೈ ನನ್ನದೇ ಷರಾ ಬರೆದದ್ದು ಅದೇ ಮೊದಲು. ಅಕ್ಷರ ಮಾತ್ರ ಎಂದಿನ ಹಾಗೆ ದುಂಡಗಿತ್ತು.

ವೀಣಾ ಓದಿದಳು. ಮತ್ತೊಮ್ಮೆ ಓದಿದಳು. ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನಾನು ಹಿಂದೆ ನಿಂತೆ. ತಿರುಗದೆಯೇ ಹೇಳಿದಳು:

“ನಾಕು ವರ್ಷ ದೊಡ್ಡಮ್ಮ.”

“ಹೂಂ.”

“ನಿಂಗೆ ಚೀಟಿ ಬರಿ ಅಂದಿದ್ದೆ. ಚೀಟಿ ಅಷ್ಟೆ.”

“ಹೂಂ.”

“ನೆನ್ನೆ ಸಂಜೆ ಹೇಳ್ಬೇಕಿತ್ತು. ನಾನು ಅಷ್ಟೆಲ್ಲ ಹೇಳ್ತಿದ್ರೆ ಕೇಳ್ತಾ ಕೂತಿದ್ಯಲ್ಲ.”

ಕೆರೆಯ ಪರವಾನಗಿ ಮುಗಿದಿತ್ತು. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಅದು ಬೇರೆಯವರ ಕಾರ್ಯ ಮಿಂಚಿ ಹೋದಾಗ ಹೇಳುವ ಮಾತು.

ಪೆಟ್ಟಿಗೆಯನ್ನು ಬಾಡಿಗೆ ಕಾರಿಗೆ ಏರಿಸಿದರು. ಹಸನ್ ನನ್ನ ಕೈ ಹಿಡಿದು ತನ್ನ ಹಣೆಗೊತ್ತಿಕೊಂಡ. ಕಾರು ಹೊರಟದ್ದೇ ಫಾತ್ಮಾ ಒಂದು ಬಿಂದಿಗೆ ನೀರನ್ನು ನಮ್ಮ ಹಿಂದೆ ರಸ್ತೆಗೆ ಚೆಲ್ಲಿದಳು. ನಮ್ಮಲ್ಲಿ ಮನೆಯಿಂದ ಜನ ಹೊರಟ ಬೆನ್ನಿಗೇ ಕಸ ಗುಡಿಸುವುದಿಲ್ಲ, ನೀರು ಹಾಕಿ ತೊಳೆಯುವುದಿಲ್ಲ. ಹೆಣ ಎತ್ತಿದ ಮೇಲೆ ಮಾಡುವ ಕೆಲಸ ಅದು. ನಾನು ಮಾಡಿದ್ದಕ್ಕೆ ಇದು ತಕ್ಕದ್ದೇ ಎಂದುಕೊಂಡೆ.

ಮುಕ್ಕಾಲು ತಾಸು ಕಳೆದ ಮೇಲೆ ವೀಣಾ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು: “ಅದು ಶುಭ. ನೀರಿನಂಗೆ ಸರಾಗ ಹೋಗು, ನೀರಿನಂಗೆ ಸರಾಗ ಬಾ ಅಂತ.”

ಆ ದಿನ ಅವಳು ನನ್ನೊಂದಿಗೆ ಆಡಿದ ಮಾತು ಅದೊಂದೇ. ಮರುದಿನ ಇನ್ನೆರಡು ಆಡಿದಳು. ವಿಮಾನ ಹತ್ತಿಸುವಾಗ ನನ್ನನ್ನು ಅಪ್ಪಿಕೊಂಡಳು, ಆದರೆ ಮೊದಲಿನಷ್ಟು ಬಿಗಿಯಾಗಿ ಅಲ್ಲ. ಅದು ನನಗೆ ಗೊತ್ತಾಯಿತು, ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು.

ಹೊಸಬಾಳೆ

ಊರಲ್ಲಿ ಎಲ್ಲರೂ ತುರ್ಕಿ ಹೇಗಿದೆ ಎಂದು ಕೇಳಿದರು. ನಾನು ಅತ್ತರಿನ ನೀರು ಕುಡಿದ ಕಥೆ ಹೇಳಿದೆ. ನಕ್ಕರು. ಗಿರಿಜೆಗೆ ಮಾತ್ರ ಎಲ್ಲ ಹೇಳಿದೆ. ಅವಳು, “ಅಪ್ಪಯ್ಯ ಇದ್ದಿದ್ರೂ ಅದನ್ನೇ ಮಾಡ್ತಿದ್ರು ಅಕ್ಕ” ಎಂದಳು. ಸಮಾಧಾನಕ್ಕೆ ಹೇಳಿದಳೋ ಬೈದಳೋ ಕೇಳಲಿಲ್ಲ.

ಈ ಬೇಸಿಗೆಯಲ್ಲಿ ಕೆರೆ ತಳ ಕಂಡಿತು. ಗಿರಿಜೆಯ ಗದ್ದೆಗೆ ಗೋಡು ಹೊಡೆಸುವುದಿತ್ತು, ನಾನೂ ಹೋಗಿದ್ದೆ. ಟ್ರ್ಯಾಕ್ಟರಿನ ಬಸಣ್ಣ ಮೂರನೆಯ ಲೋಡು ಸುರಿಯುವ ಹೊತ್ತಿಗೆ ಫೋನು ಬಂತು.

“ದೊಡ್ಡಮ್ಮ, ಬಿಳೀದು ಕೂತೈತೆ. ನಾಕರಲ್ಲಿ, ಎಂಟರಲ್ಲಿ. ಪರೀಕ್ಷೆ ಮಾಡ್ಸಿದ್ವಿ. ಡಾಲಮೈಟೇ.”

ನನ್ನ ಬೆರಳ ಗಂಟಿನ ನೋವಿಗೆ ಮೊದಲ ಸಲ ಕೈಮುಗಿದೆ. “ಉಳಿದ ಏಳು?”

“ಉಳಿದ ಏಳ್ರಲ್ಲಿ ಏನೂ ಇಲ್ಲ. ಎರಡೇ ಬಾಟ್ಲೀಲಿ ಅಧ್ಯಾಯ ನಿಲ್ಲಲ್ಲ ಅಂದ್ರು ನಮ್ಮ ಗುರುಗಳು. ಒಂದು ಟಿಪ್ಪಣಿ ಅಂತ ಕೊನೇಲಿ ಸೇರಿಸ್ತಿನಿ. ಪೂರ್ತಿ ಮಾಡೋದು ಬೇರೆ ಯಾರೋ.”

“ಏಳು ಯಾಕ ಹೋದ್ವು ಅಂತ ಬರದೀಯೇನು?”

“ನೀನು ಬರ್ದಿದ್ನೇ ಬರ್ದೀನಿ. ಹಸನ್ ಬೇಡ ಅಂದಿದ್ದೂ ಸೈತ. ನಿನ್ನ ಸಹಿ ಒಂದಿಲ್ಲ, ಅಷ್ಟೆ.”

ಮಾತು ಮುಗಿದ ಮೇಲೆ ಅತ್ತೆ. ಬಯಲಲ್ಲಿ ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವ ಮುದುಕಿಯನ್ನು ಬಸಣ್ಣ ಟ್ರ್ಯಾಕ್ಟರಿನ ಮೇಲಿಂದ ನೋಡುತ್ತಿದ್ದ.

“ಅಕ್ಕಾರೆ, ಹಂಗೇ ಗುಪ್ಪೆ ಬಿಡ್ಲ, ಹರಡ್ಲ?”

ರಾಶಿಯಿಂದ ಒಂದು ಹೆಂಟೆ ಎತ್ತಿದೆ. ಹೊರಗೆಲ್ಲ ಬೂದಿ ಬಣ್ಣ. ಎರಡು ಹೋಳು ಮಾಡಿದೆ. ಒಳಗೆ ಇನ್ನೂ ಕಾಡಿಗೆಗಪ್ಪು, ತಣ್ಣಗೆ, ಅದೇ ವಾಸನೆ. ಎರಡೂ ಹೋಳನ್ನು ಜೋಡಿಸಿ ಒತ್ತಿ ಹಿಡಿದೆ. ಕೈ ಬಿಟ್ಟ ಕೂಡಲೇ ಬೇರೆಯಾದವು.

“ಹರಡಪ್ಪ,” ಎಂದೆ. “ಹವಾ ಕಾಣ್ಲಿ.”